ಮುನಿಸು ಎಂದುಕೊಂಡದ್ದು

ದಾವಣಗೆರೆಯ ಚೌಕಿಪೇಟೆಯಲ್ಲಿ ಪಾತ್ರೆ ಅಂಗಡಿ ನಡೆಸುವವನಿಗೆ ಮಾತೇ ಅರ್ಧ ಬಂಡವಾಳ. ನಾಗಭೂಷಣರಿಗೆ ಆ ಬಂಡವಾಳ ಹುಟ್ಟಿನಿಂದಲೇ ಬಂದಿತ್ತು. ಮದುವೆಯ ಪಾತ್ರೆ ಕೊಳ್ಳಲು ಶಾಮನೂರಿನಿಂದಲೋ ಲೋಕಿಕೆರೆಯಿಂದಲೋ ಬಂದವರನ್ನು ಕೂಡಿಸಿ, ಕುಡಿಯಲು ನೀರು ಕೊಟ್ಟು, ಮದುಮಗಳ ಹೆಸರು ಕೇಳಿ, ಗಂಡಿನ ಊರಲ್ಲಿ ತಮಗೆ ಗೊತ್ತಿದ್ದ ನಾಲ್ಕು ಮಂದಿಯ ಕ್ಷೇಮ ವಿಚಾರಿಸುವ ಹೊತ್ತಿಗೆ ಬಂದವರು ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತುವ ಯೋಚನೆ ಬಿಟ್ಟಿರುತ್ತಿದ್ದರು. ಅಂಥ ಮಾತುಗಾರ ಮನೆಯಲ್ಲಿ ಹೆಂಡತಿಯ ಜೊತೆ ಹತ್ತಿರ ಹತ್ತಿರ ಎರಡು ವರ್ಷ ಮನಸ್ಸು ಬಿಚ್ಚಿ ಒಂದು ಮಾತೂ ಆಡಿರಲಿಲ್ಲ ಎಂದರೆ ಪೇಟೆಯಲ್ಲಿ ಯಾರೂ ನಂಬುತ್ತಿರಲಿಲ್ಲ.

ಅವರ ಪ್ರಕಾರ ಮೊದಲು ಮಾತು ಬಿಟ್ಟವಳು ಉಮಾಮಹೇಶ್ವರಿ. ತಾವು ಅದಕ್ಕೆ ಸರಿಸಮನಾಗಿ ನಿಂತವರು, ಅಷ್ಟೇ. ಆಕೆ ಯಾಕೆ ಮುನಿದಿದ್ದಾಳೆ ಎಂಬುದೂ ಅವರಿಗೆ ಗೊತ್ತಿತ್ತು. ಅದನ್ನು ಮಾತ್ರ ಅವರು ಮಗನಿಗೂ ಹೇಳಿರಲಿಲ್ಲ.

ಉಮಾಳ ತವರು ಹರಿಹರ. ಅಪ್ಪ ಅಮ್ಮ ಹೋದ ಮೇಲೆ ಅಲ್ಲಿ ಉಳಿದಿದ್ದವನು ಒಬ್ಬನೇ ಅಣ್ಣ, ಕರಿಬಸವರಾಜ. ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿ ನಿವೃತ್ತನಾದ ಆತ ಕಿಡ್ನಿ ಕೈಕೊಟ್ಟು ಒಂದು ವರ್ಷದಿಂದ ಹಾಸಿಗೆ ಹಿಡಿದಿದ್ದ. ಬೇಸಿಗೆಯ ಒಂದು ಮಂಗಳವಾರ ಬೆಳಗ್ಗೆ ಆತನ ಹೆಂಡತಿ ಹಂಪವ್ವ ಫೋನ್ ಮಾಡಿದಳು. ನಿಮ್ಮಣ್ಣ ನಿನ್ನನ್ನೇ ಕೇಳುತ್ತಿದ್ದಾರೆ, ಇವತ್ತೇ ಬಾ ಎಂದಳು. ಉಮಾ ಗಡಿಬಿಡಿಯಲ್ಲಿ ಸೀರೆ ಬದಲಿಸಿ, ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು ನಾಗಭೂಷಣರ ಮುಂದೆ ಬಂದು ನಿಂತಳು.

"ಹರಿಹರಕ್ಕೆ ಹೋಗಬೇಕ್ರಿ. ಅಣ್ಣ ಕರಿಯಾಕ ಹತ್ಯಾನಂತೆ."

"ಹನ್ನೊಂದು ಗಂಟಿಗೆ ಕಲ್ಲಪ್ಪನ ಕೈಲಿ ಕಾರು ಕಳಿಸ್ತೀನಿ, ರೆಡಿ ಇರು" ಎಂದು ಹೇಳಿ ಅವರು ಅಂಗಡಿಗೆ ಹೋದರು.

ಮನೆಯಲ್ಲಿ ಆವತ್ತು ಬೇರೆ ಯಾರೂ ಇರಲಿಲ್ಲ. ಸೊಸೆ ಕೃತಿಕಾ ಬಾಣಂತನಕ್ಕೆಂದು ಚಿತ್ರದುರ್ಗದ ತವರಿನಲ್ಲಿದ್ದಳು. ಮಗ ಮಹಾಂತೇಶ್ ಕೂಸನ್ನು ನೋಡಿ ಬರಲು ಅಲ್ಲಿಗೇ ಹೋಗಿದ್ದ. ಅಂಗಡಿಯಲ್ಲಿ ಲೋಕಿಕೆರೆಯವರು ಬೆಳಗ್ಗೆಯೇ ಬಂದು ಕೂತಿದ್ದರು. ಎರಡು ದಿನದಲ್ಲಿ ಮದುವೆ. ಪಾತ್ರೆಗಳಿಗೆ ಹೆಸರು ಹಾಕಿಸಬೇಕು, ಅಂದೇ ಊರಿಗೆ ಮುಟ್ಟಿಸಬೇಕು. ಸಾಮಾನು ಸಾಗಿಸುವ ಗಾಡಿ ಕೆಟ್ಟು ನಿಂತಿತ್ತು. ನಾಗಭೂಷಣರು ಕಾರಿನ ಹಿಂದಿನ ಸೀಟು ಮಡಚಿಸಿ, ಅದಕ್ಕೇ ಕೊಳಗ, ಬೋಗಣಿ ತುಂಬಿಸಿ ಡ್ರೈವರ್ ಕಲ್ಲಪ್ಪನನ್ನು ಲೋಕಿಕೆರೆಗೆ ಕಳಿಸಿಬಿಟ್ಟರು.

ಮರೆತು ಕಳಿಸಿದ್ದಲ್ಲ. ಕಾರು ಹೊರಟಾಗ ಗಡಿಯಾರ ನೋಡಿದ್ದರು, ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಕರಿಬಸವರಾಜನ ಮನೆಯ ಗೃಹಪ್ರವೇಶದಲ್ಲಿ ತಮ್ಮನ್ನು ಯಾರೂ ಬಾಗಿಲಿಗೆ ಬಂದು ಕರೆದುಕೊಳ್ಳಲಿಲ್ಲ, ಪಂಕ್ತಿಯಲ್ಲಿ ಎರಡನೆಯ ಸಲಕ್ಕೆ ಕೂಡಿಸಿದರು ಎಂಬ ಮುಳ್ಳು ಅವರ ಮನಸ್ಸಿನಲ್ಲಿ ಆರು ವರ್ಷದಿಂದ ಮುರಿದುಕೊಂಡು ಕೂತಿತ್ತು. ವರ್ಷದಿಂದ ಮಲಗಿದ ಮನುಷ್ಯ, ಒಂದು ದಿನ ಕಾದರೆ ಏನಾಯಿತು, ಅಂದುಕೊಂಡರು.

ಸಂಜೆ ಏಳಕ್ಕೆ ಮನೆಗೆ ಬಂದಾಗ ಉಮಾ ಬಾಗಿಲ ಪಕ್ಕದ ಕುರ್ಚಿಯಲ್ಲಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತೇ ಇದ್ದಳು. ಊಟ ಮಾಡಿದ ಗುರುತಿರಲಿಲ್ಲ, ದೀಪವನ್ನೂ ಹಾಕಿರಲಿಲ್ಲ. ಅವರಿಗೆ ತಪ್ಪು ಮಾಡಿದವನಿಗೆ ಬರುವ ಸಿಟ್ಟು ಬಂತು.

"ಕಾರು ಬರದಿದ್ರೆ ಬಸ್ಸಿಗೆ ಹೋಗಬೇಕಿಲ್ಲೇನು? ಹತ್ತು ನಿಮಿಷಕ್ಕೊಂದು ಬಸ್ಸದಾವು. ಯಾಕ ಹಿಂಗ ಕೂತೀಯ, ನನ್ನ ಮರ್ಯಾದಿ ತೆಗಿಯಾಕಾ?"

ಉಮಾ ಅವರ ಮುಖ ನೋಡಿದಳು. ಏನೂ ಅನ್ನಲಿಲ್ಲ.

ಮರುದಿನ ಬೆಳಕು ಹರಿಯುವ ಮೊದಲೇ ಹರಿಹರದಿಂದ ಫೋನ್ ಬಂತು. ಕರಿಬಸವರಾಜ ತೀರಿಕೊಂಡಿದ್ದ.

ಮಣ್ಣಿಗೆ ಹೋದಾಗ ಹಂಪವ್ವ ಎಲ್ಲರ ಎದುರಿಗೇ ಉಮಾಳ ಎರಡೂ ತೋಳು ಹಿಡಿದು ಅಲ್ಲಾಡಿಸಿದಳು. "ಮೂರು ಸಲ ಕೇಳಿದ್ರೇ, ಉಮಾ ಬಂದ್ಲಾ, ಉಮಾ ಬಂದ್ಲಾ ಅಂತ. ಹದಿನಾಕು ಕಿಲೋಮೀಟ್ರು ನಿನಗೆ ಕಾಶಿ ಆತೇನೇ?" ಉಮಾ ಸುಮ್ಮನೆ ನಿಂತಿದ್ದಳು. ಕಣ್ಣಲ್ಲಿ ಹನಿ ನೀರಿರಲಿಲ್ಲ. ನೆರೆದ ಹೆಂಗಸರು ಮುಖ ಮುಖ ನೋಡಿಕೊಂಡರು. ಎರಡು ಮಾರು ದೂರದಲ್ಲಿ ನಿಂತಿದ್ದ ನಾಗಭೂಷಣರು, ಈಗ ಹೇಳುತ್ತಾಳೆ, ಇವರೇ ಕಾರು ಕಳಿಸಲಿಲ್ಲ ಅಂತ ಬೆರಳು ಮಾಡಿ ತೋರಿಸುತ್ತಾಳೆ ಎಂದು ಕಾದರು. ಆಕೆ ಹೇಳಲಿಲ್ಲ. ಆಕೆ ಹೇಳದ್ದನ್ನು ತಾವೂ ಹೇಳಲಿಲ್ಲ.

ಆ ದಿನ ಅವರಿಗೆ ಹೆಂಡತಿಯ ಮೇಲೆ ಒಂದು ರೀತಿಯ ಕೃತಜ್ಞತೆ ಮೂಡಿತ್ತು. ಅದು ಹದಿನೈದು ದಿನವೂ ಉಳಿಯಲಿಲ್ಲ.

ಯಾಕೆಂದರೆ ಮನೆಗೆ ಬಂದ ಮೇಲೂ ಉಮಾ ಹಾಗೆಯೇ ಇದ್ದಳು. ಕೇಳಿದರೆ ಹ್ಞೂಂ, ಇಲ್ಲ ಅನ್ನುತ್ತಿದ್ದಳು, ತಾನಾಗಿ ಒಂದು ಮಾತೂ ಆಡುತ್ತಿರಲಿಲ್ಲ. ಬೆಳಗಿನ ಕಾಫಿ ಬರುವುದು ನಿಂತಿತು. ನಲವತ್ತು ವರ್ಷ ಒಂದು ದಿನವೂ ತಪ್ಪಿಸದ ಇಷ್ಟಲಿಂಗ ಪೂಜೆಯನ್ನು ಬಿಟ್ಟಳು. ಹಾಲಿನವನು ಬಾಗಿಲು ಬಡಿದರೆ ಕೂತಲ್ಲಿಂದಲೇ ಬಾಗಿಲ ಕಡೆ ನೋಡುತ್ತಿದ್ದಳು. ಇದೆಲ್ಲ ತಮಗೆ ಕೊಡುತ್ತಿರುವ ಶಿಕ್ಷೆ ಎಂದು ನಾಗಭೂಷಣರು ನಂಬಿದರು. ಮೊದಮೊದಲು ಅವರೇ ಸೋತು ಒಂದೆರಡು ಸಲ ಮಾತಾಡಿಸಿದರು. ಬೆಣ್ಣೆದೋಸೆ ಕಟ್ಟಿಸಿಕೊಂಡು ಬಂದು ಮುಂದಿಟ್ಟರು. ಆಕೆ ತಿಂದಳು, ಚೆನ್ನಾಗಿದೆ ಅನ್ನಲಿಲ್ಲ. ಅಷ್ಟಕ್ಕೇ ಅವರಿಗೆ ಸಾಕೆನ್ನಿಸಿತು. ನಿನಗಿದ್ದಷ್ಟೇ ಹಟ ನನಗೂ ಇದೆ, ನೀನೇ ಮೊದಲು ಬಾಯಿ ಬಿಡು ನೋಡೋಣ, ಎಂದುಕೊಂಡು ಅವರೂ ಬಾಯಿ ಕಟ್ಟಿಕೊಂಡರು. ಬಾಣಂತನ ಮುಗಿಸಿ ಸೊಸೆ ಬರುವ ತನಕ ಊಟ ಖಾನಾವಳಿಯಿಂದ ಬಂತು. ಅವರ ಮಂಚ ಮುಂದಿನ ಕೋಣೆಗೆ ಬಂತು.

ಯುಗಾದಿಗೆ ಮುಂಚೆ ಗಂಡ ಹೆಂಡತಿ ಪ್ರತಿವರ್ಷ ಶ್ರೀಶೈಲಕ್ಕೆ ಹೋಗುತ್ತಿದ್ದರು. ಆ ವರ್ಷ ಬಸ್ಸಿನಲ್ಲಿ ಒಂದೇ ಸೀಟು ಹಿಡಿಸಿದರು. ಬರಬೇಕೆನ್ನಿಸಿದರೆ ಬಾಯಿಬಿಟ್ಟು ಕೇಳಲಿ ಎಂಬುದು ಅವರ ಲೆಕ್ಕಾಚಾರ. ಹೊರಡುವ ದಿನ ಚೀಲ ಹಿಡಿದು ಬೇಕೆಂದೇ ಎರಡು ಸಲ ಆಕೆಯ ಮುಂದೆ ಹಾದುಹೋದರು. ಉಮಾ ಚೀಲವನ್ನು ನೋಡಿದಳು, ಅವರ ಚಪ್ಪಲಿಯನ್ನು ನೋಡಿದಳು, ಮತ್ತೆ ಕಿಟಕಿಯ ಕಡೆ ತಿರುಗಿದಳು. ಮಲ್ಲಿಕಾರ್ಜುನನ ಸನ್ನಿಧಿಯಲ್ಲಿ ಕೈಮುಗಿದು ನಿಂತಾಗಲೂ ನಾಗಭೂಷಣರು ಆಕೆಯ ಹಟ ಮುರಿಯಲಿ ಎಂದೇ ಬೇಡಿಕೊಂಡರು.

ಮನೆಯಲ್ಲಿ ಮೊದಲು ಅನುಮಾನ ಬಂದದ್ದು ಕೃತಿಕಾಗೆ. ಒಂದು ದಿನ ಊಟಕ್ಕೆ ಬಡಿಸುತ್ತಾ ಮೆಲ್ಲಗೆ ಹೇಳಿದಳು.

"ಮಾವ, ಅತ್ತೆ ಸಿಟ್ಟಾಗ್ಯಾರೆ ಅಂತ ನಂಗನ್ಸಲ್ಲ. ಸಿಟ್ಟಾದೋರು ಮುಖ ತಿರುಗಿಸ್ತಾರೆ. ಅತ್ತೆ ತಿರುಗಿಸೋದೂ ಇಲ್ಲ."

"ನಿಂಗೇನು ಗೊತ್ತವ್ವ ಅವಳ ಹಟ. ನಲವತ್ತು ವರ್ಷ ಸಂಸಾರ ಮಾಡಿದೋನು ನಾನು" ಎಂದು ಅವರು ಆ ಮಾತನ್ನು ಅಲ್ಲಿಗೇ ಮುಗಿಸಿದರು.

ಆಮೇಲೆ ಸೆಪ್ಟೆಂಬರಿನಲ್ಲಿ ಕೂಸು ಬಿದ್ದಿತು. ಒಂದೂವರೆ ವರ್ಷದ ಮಗು ಟೀಪಾಯಿ ಹತ್ತಿ ಜಾರಿ ಬಿದ್ದು, ತುಟಿ ಒಡೆದು ರಕ್ತ ಸುರಿಯುತ್ತಿತ್ತು. ಮೂರಡಿ ಆಚೆಗೆ ಕೂತಿದ್ದ ಉಮಾ ಅಳುವ ಮಗುವನ್ನು ನೋಡುತ್ತಿದ್ದಳೇ ಹೊರತು ಏಳಲಿಲ್ಲ. ಅಡುಗೆಮನೆಯಿಂದ ಓಡಿಬಂದ ಕೃತಿಕಾ ಮಗುವನ್ನು ಎತ್ತಿಕೊಂಡು ಅತ್ತೆಯ ಮುಖ ನೋಡಿ ಬೆಚ್ಚಿದಳು. ಅಂಗಡಿಗೆ ಹೊರಟಿದ್ದ ನಾಗಭೂಷಣರು ಬಾಗಿಲಿಂದ ತಿರುಗಿ ಬಂದು ಕೂಗಾಡಿದರು.

"ನನ್ನ ಮ್ಯಾಲಿನ ಸಿಟ್ಟು ಕೂಸಿನ ಮ್ಯಾಲೆ ತೀರಿಸ್ಕಂತೀಯಾ? ಮನುಷ್ಯಳೇನೇ ನೀನು?"

"ಬಿತ್ತು" ಎಂದಳು ಉಮಾ. ಮಳೆ ಬಂತು ಅನ್ನುವ ಹಾಗೆ.

ಆ ಒಂದು ಶಬ್ದ ಕೃತಿಕಾಳನ್ನು ಹೆದರಿಸಿತು. ಮಾವನನ್ನು ಕೇಳದೆ ಮಹಾಂತೇಶನಿಗೆ ಹೇಳಿ ಡಾಕ್ಟರ ಬಳಿ ದಿನ ಗೊತ್ತು ಮಾಡಿಸಿದಳು. ನಾಗಭೂಷಣರೂ ಹೋಗಲೇಬೇಕಾಯಿತು. ಆ ಡಾಕ್ಟರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಹೀಗೆ ಶುರುವಾಗಿ ಎಷ್ಟು ದಿನವಾಯಿತು ಎಂದು ಕೇಳಿದರು. ಕೃತಿಕಾ ಮಾವನ ಕಡೆ ನೋಡಿದಳು.

"ಆರು ತಿಂಗಳಾಗಿರಬಹುದು" ಎಂದರು ನಾಗಭೂಷಣರು.

ಆಗಿದ್ದದ್ದು ಹದಿನಾರು ತಿಂಗಳು. ಕೃತಿಕಾ ಮಾವನ ಮಾತನ್ನು ಬೇರೆಯವರ ಎದುರಿಗೆ ತಿದ್ದುವವಳಲ್ಲ. ಹದಿನಾರು ಅಂದರೆ, ಅಷ್ಟು ದಿನ ನೀವೇನು ಮಾಡುತ್ತಿದ್ದಿರಿ ಎಂಬ ಪ್ರಶ್ನೆ ಬರುತ್ತದೆ. ಆಗ ಏನಾದರೂ ನಡೆದಿತ್ತಾ ಎಂಬ ಪ್ರಶ್ನೆ ಬರುತ್ತದೆ. ಪೇಟೆಯಲ್ಲಿ ನಲವತ್ತು ವರ್ಷ ಕಳೆದವರಿಗೆ ಯಾವ ಮಾತು ಯಾವ ಮಾತನ್ನು ಎಳೆದು ತರುತ್ತದೆ ಎಂದು ಗೊತ್ತಿರುತ್ತದೆ. ಆ ಡಾಕ್ಟರು, ಇತ್ತೀಚೆಗೆ ಬಂದ ಮನಸ್ಸಿನ ಖಿನ್ನತೆ ಇರಬೇಕು ಎಂದು ಮಾತ್ರೆ ಬರೆದರು. ನಾಲ್ಕು ತಿಂಗಳು ನುಂಗಿಸಿದ್ದಾಯಿತು. ಉಮಾ ಇನ್ನಷ್ಟು ಮಂಕಾದಳು. ಸ್ನಾನಕ್ಕೆ ಏಳಿಸಿ ನಿಲ್ಲಿಸಬೇಕಾಯಿತು, ತುತ್ತನ್ನು ಕೈಗೆ ಕೊಡಬೇಕಾಯಿತು.

ಕೊನೆಗೆ ಯಾರೋ ಹೇಳಿದರೆಂದು ನರರೋಗದ ಡಾಕ್ಟರ್ ವಾಣಿಶ್ರೀ ಅವರಲ್ಲಿಗೆ ಹೋದರು. ನಲವತ್ತರ ಆಸುಪಾಸಿನ ಹೆಣ್ಣುಮಗಳು. ಗಡಿಬಿಡಿಯಿಲ್ಲದೆ ಉಮಾಳ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತು ಅರ್ಧ ಗಂಟೆ ಮಾತಾಡಿಸಿದರು. ಇವತ್ತು ಯಾವ ವಾರ, ತವರೂರು ಯಾವುದು, ಮೊಮ್ಮಗುವಿನ ಹೆಸರೇನು. ಉಮಾ ಎಲ್ಲದಕ್ಕೂ ತಡವಾಗಿ, ಆದರೆ ಹೆಚ್ಚುಕಡಿಮೆ ಸರಿಯಾಗಿಯೇ ಉತ್ತರ ಕೊಟ್ಟಳು. ಆಮೇಲೆ ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಲು ಬರೆದರು. ಮರೆವಿನ ಕಾಯಿಲೆಗಳಲ್ಲಿ ಮನಸ್ಸು, ನಡತೆ ಬದಲಾಗುತ್ತದಲ್ಲ, ಅದರ ಗುರುತು ರಕ್ತದಲ್ಲಿ ಸಿಗುತ್ತದೆಯೇ ಎಂದು ತಾವೊಂದು ಅಧ್ಯಯನ ಮಾಡುತ್ತಿರುವುದಾಗಿಯೂ, ಒಪ್ಪಿಗೆಯಿದ್ದರೆ ಉಮಾಳ ರಕ್ತವನ್ನೂ ಅದಕ್ಕೆ ತೆಗೆದುಕೊಳ್ಳುವುದಾಗಿಯೂ ಹೇಳಿದರು. ಜೊತೆಗೆ ಎಂಟು ಹಾಳೆಯ ಒಂದು ಫಾರಂ. ಮನೆಯವರು ತುಂಬಬೇಕಾದದ್ದು.

"ರಕ್ತ ಅರ್ಧ ಹೇಳ್ತದೆ ಸರ್. ಉಳಿದರ್ಧ ನೀವೇ ಹೇಳಬೇಕು. ನೆನಪು ಮಾಡ್ಕಂಡು ಬರೀರಿ" ಎಂದರು.

ಫಾರಂನ ಎರಡನೆಯ ಪ್ರಶ್ನೆ, ಯಾವಾಗಿನಿಂದ? ನಾಗಭೂಷಣರು ಹಳೆಯ ಆರಕ್ಕೆ ನಾಲ್ಕು ಸೇರಿಸಿ, ಹತ್ತು ತಿಂಗಳು ಎಂದು ಬರೆದರು. ಅದಕ್ಕೂ ಮುಂಚೆ ಮನೆಯಲ್ಲಿ ದುಃಖದ ಘಟನೆ ಏನಾದರೂ ಎಂಬಲ್ಲಿ ಇಲ್ಲ ಎಂದು ಬರೆದರು.

ಮೂರು ವಾರ ಬಿಟ್ಟು ಡಾಕ್ಟರೇ ಕರೆಸಿದರು. ಕೃತಿಕಾ ಉಮಾಳನ್ನು ಹೊರಗೆ ಕೂಡಿಸಿಕೊಂಡಳು. ನಾಗಭೂಷಣರೊಬ್ಬರೇ ಒಳಗೆ ಹೋದರು. ಡಾಕ್ಟರು ಕಂಪ್ಯೂಟರಿನ ಪರದೆ ಅವರ ಕಡೆ ತಿರುಗಿಸಿದರು. ಕಡುಬೂದು ಬಣ್ಣದ ಮಿದುಳಿನ ಚಿತ್ರದಲ್ಲಿ ಮುಂಭಾಗದ ಒಂದು ಜಾಗವನ್ನು ಪೆನ್ನಿನ ತುದಿಯಿಂದ ಮುಟ್ಟಿದರು.

"ಇಲ್ಲಿ ನೋಡ್ರಿ. ಈ ಜಾಗ ಸವೆದೈತೆ. ಏಳಬೇಕು, ಮಾಡಬೇಕು, ಬೇಕು ಅನ್ನೋದು ಹುಟ್ಟೋದು ಇಲ್ಲಿಂದ. ಕೆಲವರಿಗೆ ಮೊದಲು ಹೋಗೋದು ನೆನಪಲ್ಲ, ಈ ಬೇಕು ಅನ್ನೋದು. ಅದಕ್ಕೇ ಇದು ಕಾಯಿಲೆ ಅಂತ ಮನೆಯವರಿಗೆ ತಿಳಿಯೋದೇ ಇಲ್ಲ. ಸೋಮಾರಿತನ ಅಂತಾರೆ, ಹಟ ಅಂತಾರೆ. ಮುಖ ಕಂಡವರು ಖಿನ್ನತೆ ಅಂತಾರೆ."

ನಾಗಭೂಷಣರು ತಲೆಯಾಡಿಸಿದರು.

"ನರಕೋಶ ಸವೆದಾಗ ಅದರೊಳಗಿನ ಒಂದು ಪ್ರೋಟೀನು ರಕ್ತಕ್ಕೆ ಸೇರ್ತದೆ. ಅಮ್ಮಾರ ರಕ್ತದಲ್ಲಿ ಅದು ಬಾಳ ಏರೈತೆ. ಅದೊಂದನ್ನೇ ನೋಡಿ ಏನೂ ಹೇಳಾಕಾಗಲ್ಲ. ಆದ್ರೆ ಅದನ್ನೂ ಈ ಸ್ಕ್ಯಾನನ್ನೂ ಜೊತೆಗಿಟ್ಟು ನೋಡಿದ್ರೆ..." ಡಾಕ್ಟರು ಫಾರಂ ತೆಗೆದು ಮೇಜಿನ ಮೇಲಿಟ್ಟರು. "ತಪ್ಪು ತಿಳ್ಕಾಬ್ಯಾಡ್ರಿ ಸರ್. ಇದು ಹತ್ತು ತಿಂಗಳಿಂದು ಅಂತ ನನಗನ್ನಿಸ್ತಿಲ್ಲ."

ಗಿರಾಕಿ ಎಂಥ ಪ್ರಶ್ನೆ ಕೇಳಿದರೂ ತಡವರಿಸದ ನಾಗಭೂಷಣರು ಫಾರಂನ ಮೇಲಿನ ತಮ್ಮದೇ ಅಕ್ಷರವನ್ನು ನೋಡುತ್ತಾ ಕೂತರು. ಆಮೇಲೆ ಹೇಳಿದರು. ಮಂಗಳವಾರ ಬೆಳಗಿನ ಫೋನು, ಲೋಕಿಕೆರೆಗೆ ಹೋದ ಕಾರು, ಹಂಪವ್ವ ಹಿಡಿದು ಅಲ್ಲಾಡಿಸಿದ್ದು, ತಾವು ನಿಂತು ನೋಡಿದ್ದು, ಶ್ರೀಶೈಲ, ಮಂಚ, ಆರು ತಿಂಗಳೆಂಬ ಸುಳ್ಳು. ಎಲ್ಲ ಹೇಳಿದ ಮೇಲೆ ಅವರಿಗೆ ಒಂದನ್ನು ಕೇಳಬೇಕಾಗಿತ್ತು.

"ಡಾಕ್ಟ್ರೇ, ಸಿಟ್ಟಿದ್ರೆ ಅದೂ ರಕ್ತದಾಗೆ ಕಾಣ್ತೈತಾ? ಅಂದ್ರೆ... ಅವಳು ನನ್ನ ಮ್ಯಾಲೆ ಮುನಿಸ್ಕಂಡು ಮಾತು ಬಿಟ್ಟಳಾ, ಇಲ್ಲಾ ಕಾಯಿಲಿಂದಲೇ ಬಿಟ್ಟಳಾ? ಯಾವುದು ಮೊದಲು?"

ಡಾಕ್ಟರು ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ರಕ್ತ ತಾರೀಖು ಹೇಳಲ್ಲ ಸರ್. ಸಿಟ್ಟಿಗೆ, ದುಃಖಕ್ಕೆ ಅಂತ ಬೇರೆ ಬೇರೆ ಗುರುತು ನಮಗಿನ್ನೂ ಸಿಕ್ಕಿಲ್ಲ. ನಾವು ಹುಡುಕ್ತಿರೋದೇ ಅಂಥದ್ದನ್ನ." ಆಮೇಲೆ ಏನೋ ಹೊಳೆದವರಂತೆ ಕೇಳಿದರು. "ಆವತ್ತು ಸಂಜೆ ತನಕ ಕೂತೇ ಇದ್ರು ಅಂದ್ರಲ್ಲ. ಮುಂಚೆ ಹರಿಹರಕ್ಕೆ ಹೆಂಗೆ ಹೋಗ್ತಿದ್ರು, ನೀವೇ ಕರ್ಕಂಡು ಹೋಗಬೇಕಿತ್ತಾ?"

ಇಲ್ಲ. ಉಮಾ ಯಾರನ್ನೂ ಕಾಯುವವಳಾಗಿರಲಿಲ್ಲ. ಮನಸ್ಸು ಬಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದಳು. ಸೀಟು ಸಿಗದಿದ್ದರೆ ನಿಂತೇ ಹೋಗಿ, ಅಣ್ಣನ ಜೊತೆ ಹರಟೆ ಹೊಡೆದು, ಮಧ್ಯಾಹ್ನದ ಊಟ ಮುಗಿಸಿಕೊಂಡು ದೀಪ ಹಚ್ಚುವ ಹೊತ್ತಿಗೆ ವಾಪಸು ಬರುತ್ತಿದ್ದಳು. ಅಂಥವಳು ಅಣ್ಣ ಸಾಯುವ ದಿನ ಎಂಟು ಗಂಟೆ ಕುರ್ಚಿಯಲ್ಲಿ ಕೂತಿದ್ದಳು.

ಹಾಗಾದರೆ ಅದಕ್ಕೂ ಮುಂಚೆಯೇ? ಆವತ್ತು ಕೂತಲ್ಲಿಂದ ಏಳಲು ಆಕೆಗೆ ಆಗಲೇ ಕಷ್ಟವಾಗಿತ್ತೇ? ಆದರೆ ಬೆಳಗ್ಗೆ ಹೋಗಬೇಕ್ರಿ ಅಂದಿದ್ದಳಲ್ಲ, ಸೀರೆ ಬದಲಿಸಿದ್ದಳಲ್ಲ. ನಾಗಭೂಷಣರು ಆ ದಿನದಿಂದ ಈಚೆಗೆ ಒಂದೊಂದೇ ತಿಂಗಳನ್ನು ತಡಕಾಡಿದರು. ಉಮಾ ತಾನಾಗಿ ಏನಾದರೂ ಬೇಕು ಎಂದದ್ದು ಒಂದೂ ನೆನಪಾಗಲಿಲ್ಲ. ಹರಿಹರಕ್ಕೆ ಹೋಗಬೇಕು ಎಂದದ್ದೇ ಕೊನೆಯದು. ಆರುತ್ತಾ ಬಂದ ಒಲೆಯಲ್ಲಿ ಉಳಿದಿದ್ದ ಕೆಂಡವನ್ನು ಆಕೆ ಕೈಯಾರೆ ತಂದು ಮುಂದೆ ಹಿಡಿದಿದ್ದಳು. ಅವರು ಆ ಕಾರಿನಲ್ಲಿ ಬೋಗಣಿ ತುಂಬಿ ಕಳಿಸಿದ್ದರು.

"ಕಾಯಿಲೆ ನೀವು ತಂದಿದ್ದಲ್ಲ" ಎಂದರು ಡಾಕ್ಟರು. "ಅದು ಬರೋದು ಬರ್ತಿತ್ತು. ಆದ್ರೆ ಮೊದಲೇ ಗೊತ್ತಾಗಿದ್ರೆ ಆ ಮಾತ್ರೆ ಕೊಡ್ತಿರಲಿಲ್ಲ. ಇಂಥವರಿಗೆ ಅದರಿಂದ ಮಂಕು ಜಾಸ್ತಿ ಆಗ್ತದೆ. ಇನ್ನು ಅದನ್ನ ಮೆಲ್ಲಗೆ ಬಿಡಿಸಾನ. ಒಂದು ಕೆಲಸ ಮಾಡ್ರಿ, ಅವರಿಗೇ ಅನ್ನಿಸಲಿ ಅಂತ ಕಾಯಬ್ಯಾಡ್ರಿ. ನೀವೇ ಶುರು ಮಾಡಿ ಕೊಡ್ರಿ. ಕೈಗಿಟ್ರೆ ಮಾಡ್ತಾರೆ."

ಫಾರಂನ ಆ ಹಾಳೆಯನ್ನು ಡಾಕ್ಟರು ಹೊಸದಾಗಿ ಕೊಟ್ಟರು. ನಾಗಭೂಷಣರು ಅಲ್ಲಿಯೇ ಕೂತು ತಿದ್ದಿ ಬರೆದರು. ಎರಡು ವರ್ಷ, ಅಥವಾ ಅದಕ್ಕೂ ಮುಂಚೆ.

ಆ ಸಂಜೆ ಅವರು ಅಂಗಡಿಗೆ ಹೋಗಲಿಲ್ಲ. ಉಮಾಳ ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು. ಎಷ್ಟೋ ದಿನದ ಮೇಲೆ ಆಕೆಯ ಮುಖವನ್ನು ಹತ್ತಿರದಿಂದ ನೋಡಿದರು. ಮುಖ ತುಂಬಿಕೊಂಡೇ ಇತ್ತು, ಹಣೆಯ ವಿಭೂತಿ ಮಾತ್ರ ಸೊಸೆ ಹಚ್ಚಿದ್ದು, ಸ್ವಲ್ಪ ಓರೆಯಾಗಿತ್ತು.

"ಉಮಾ, ಒಂದು ಕೇಳ್ತೀನಿ. ಅಣ್ಣ ಹೋದ ಹಿಂದಿನ ದಿನ ನೀನು ಬಸ್ಸಿಗೆ ಯಾಕ ಹೋಗಲಿಲ್ಲ?"

ಆಕೆ ಬಹಳ ಹೊತ್ತು ಯೋಚಿಸಿದಳು. ಕೇಳಿದ್ದು ಮರೆತಳೋ ಏನೋ ಎಂದು ಅವರು ಇನ್ನೊಮ್ಮೆ ಕೇಳಬೇಕೆನ್ನುವಷ್ಟರಲ್ಲಿ ಹೇಳಿದಳು.

"ನೀವು ಕಾರು ಕಳಿಸ್ತೀನಿ ಅಂದಿದ್ರಲ್ರಿ."

ದನಿಯಲ್ಲಿ ದೂರಿರಲಿಲ್ಲ. ಸಿಟ್ಟಾಗಿದ್ದರೆ ಅವರು ಕಾಲು ಹಿಡಿಯಬಹುದಿತ್ತು. ಅಳುತ್ತಿದ್ದರೆ ಕಣ್ಣೊರೆಸಬಹುದಿತ್ತು. ಆಕೆ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟು ಸುಮ್ಮನಾಗಿದ್ದಳು. ನಾಗಭೂಷಣರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಉಮಾ ಅದನ್ನೂ ನೋಡುತ್ತಾ ಕೂತಿದ್ದಳು.

ಮರುದಿನ ತಾವೇ ಕಾರು ತೆಗೆದು ಉಮಾಳನ್ನು ಕೂಡಿಸಿಕೊಂಡು ಹರಿಹರಕ್ಕೆ ಹೋದರು. ವರ್ಷಾಂತಿಕಕ್ಕೂ ಹಂಪವ್ವ ಇವರನ್ನು ಕರೆದಿರಲಿಲ್ಲ. ಬಾಗಿಲು ತೆಗೆದವಳು ಉಮಾಳನ್ನು ಕಂಡೊಡನೆ ಮುಖ ಬಿಗಿದುಕೊಂಡಳು. ಬಂದವರನ್ನು ಹೊರಗೆ ನಿಲ್ಲಿಸಬಾರದೆಂದು, "ಬರ್ರಿ, ಕೂಡ್ರಿ" ಎಂದಷ್ಟೇ ಹೇಳಿದಳು. ಗೋಡೆಯ ಮೇಲೆ ಕರಿಬಸವರಾಜನ ಫೋಟೊ ಇತ್ತು. ಉಮಾ ಅದರತ್ತ ನೋಡಿ, ಆಮೇಲೆ ನೆಲ ನೋಡುತ್ತಾ ಕೂತಳು.

"ನೋಡ್ರಿ ಅಣ್ಣಾರೆ, ಇವತ್ತೂ ಒಂದು ಮಾತಿಲ್ಲ ಆಕಿ ಬಾಯಾಗೆ" ಎಂದಳು ಹಂಪವ್ವ.

ನಾಗಭೂಷಣರು ಕೂರಲಿಲ್ಲ. ನಿಂತೇ ಹೇಳಿದರು. "ಹಂಪವ್ವಾರೆ, ಆವತ್ತು ಇವಳು ಬೆಳಗ್ಗೆಯಿಂದ ಚೀಲ ಹಿಡ್ಕಂಡು ಕೂತಿದ್ಲು. ಕಾರು ಕಳಿಸ್ತೀನಿ ಅಂದೋನು ನಾನು. ಬೇಕಂತಲೇ ಕಳಿಸಲಿಲ್ಲ. ಗೃಹಪ್ರವೇಶದಾಗೆ ನನ್ನ ಕರೀಲಿಲ್ಲ ಅನ್ನೋ ಸಿಟ್ಟು ಇತ್ತು. ನೀವು ಎಲ್ರ ಮುಂದೆ ಇವಳನ್ನ ಕೇಳಿದಾಗ ಬಾಯಿ ಮುಚ್ಕಂಡು ನಿಂತೆ. ಇವಳಿಗೆ ತಲೆಯಾಗೆ ಕಾಯಿಲೆ ಐತೆ. ಅಳಾಕೂ ಆಗದಂಥ ಕಾಯಿಲೆ. ಆವಾಗಲೇ ಇತ್ತೋ ಏನೋ. ಯಾರಿಗೂ ಗೊತ್ತಾಗಲಿಲ್ಲ."

ಹಂಪವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತಿದ್ದಳು. ಅವರು ಕಾಯಿಲೆಯ ಬಗ್ಗೆ, ರಕ್ತದ ಬಗ್ಗೆ, ಡಾಕ್ಟರು ಹೇಳಿದ್ದರ ಬಗ್ಗೆ ಇನ್ನೂ ಏನೇನೋ ಹೇಳಿದರು. ಆಕೆ ಕೇಳಿಸಿಕೊಂಡಳೋ ಇಲ್ಲವೋ. ಕೊನೆಗೆ ಉಮಾಳ ಹತ್ತಿರ ಹೋಗಿ ನೆಲದ ಮೇಲೆ ಕೂತು ಆಕೆಯ ಗಲ್ಲ ಹಿಡಿದು ಮುಖವೆತ್ತಿದಳು.

"ಉಮಾ, ನಾನ್ಯಾರೇ?"

"ಅತ್ತಿಗೆ."

"ಊಟ ಮಾಡೀಯಾ?"

"ಇಲ್ಲ."

"ಹಸಿವಾಗೈತಾ?"

ಉಮಾ ಉತ್ತರ ಹುಡುಕುವಂತೆ ಆಚೀಚೆ ನೋಡಿದಳು. ಅದು ಆಕೆಗೆ ಗೊತ್ತಿರಲಿಲ್ಲ. ಹಂಪವ್ವನ ಕಣ್ಣು ತುಂಬಿ ಹರಿಯಿತು. ಉಮಾಳ ಮೊಣಕಾಲಿಗೆ ಹಣೆಯೊತ್ತಿ, "ನಾನೂ ಎರಡು ವರ್ಷ ಒಂದು ಫೋನ್ ಮಾಡಲಿಲ್ಲ. ಒಂದೇ ಒಂದು ಸಲ ಮಾಡಿದ್ರೂ ಗೊತ್ತಾಗ್ತಿತ್ತಲ್ಲೇ" ಎಂದು ಬಿಕ್ಕಿದಳು. ಆಮೇಲೆ ತಲೆಯೆತ್ತದೆಯೇ ನಾಗಭೂಷಣರಿಗೆ ಹೇಳಿದಳು.

"ನೀವು ಹೋಗ್ರಿ ಅಣ್ಣಾರೆ. ಇವಳನ್ನ ಇಲ್ಲೇ ಬಿಡ್ರಿ. ಸಂಜಿಗೆ ಬಂದು ಕರ್ಕಂಡು ಹೋಗ್ರಿ."

ಕ್ಷಮಿಸಿದೆ ಎಂದು ಆಕೆ ಅನ್ನಲಿಲ್ಲ. ಕ್ಷಮಿಸುವುದಿಲ್ಲ ಎಂದೂ ಅನ್ನಲಿಲ್ಲ. ನಾಗಭೂಷಣರು ಹೊಳೆಯ ತನಕ ನಡೆದರು. ಬೇಸಿಗೆಯ ತುಂಗಭದ್ರೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ಯಾರೋ ಕಂಬಳಿ ಒಗೆಯುತ್ತಿದ್ದರು. ಹರಿಹರೇಶ್ವರನ ಗುಡಿಯ ಮುಂದಿನಿಂದ ಹಾದುಬಂದರೂ ಒಳಗೆ ಹೋಗುವ ಧೈರ್ಯವಾಗಲಿಲ್ಲ. ಗೃಹಪ್ರವೇಶದ ದಿನ ತಮ್ಮನ್ನು ಕರೆಯಲು ಯಾಕೆ ಯಾರೂ ಬಾಗಿಲಿಗೆ ಬರಲಿಲ್ಲ ಎಂದು ಎಂಟು ವರ್ಷ ನೊಂದಿದ್ದರು. ಯಾಕಿರಬಹುದು ಎಂದು ಇವತ್ತು ಮೊದಲ ಸಲ ಯೋಚಿಸಿದರು. ಬಹುಶಃ ತಾವು ಬಂದದ್ದನ್ನು ಯಾರೂ ನೋಡಿರಲಿಲ್ಲ, ಅಷ್ಟೇ.

ಸಂಜೆ ಅವರು ಹೋದಾಗ ಉಮಾ ಎಣ್ಣೆ ಹಚ್ಚಿಸಿಕೊಂಡು, ತಲೆ ಬಾಚಿಸಿಕೊಂಡು ಕೂತಿದ್ದಳು. ಹಂಪವ್ವ ಸೊಪ್ಪು ಸೋಸುತ್ತಾ ಅಣ್ಣನ ಕೊನೆಯ ದಿನಗಳ ಕಥೆಯನ್ನು ಬಿಡದೆ ಹೇಳುತ್ತಿದ್ದಳು. ಉಮಾಳ ಕೈಗೂ ಒಂದು ಕಟ್ಟು ಕೊಟ್ಟಿದ್ದಳು. ಉಮಾ ಒಂದೊಂದೇ ಎಲೆ ಬಿಡಿಸುತ್ತಿದ್ದಳು, ತೀರ ನಿಧಾನ, ಆದರೆ ನಿಲ್ಲಿಸದೆ. ನಾಗಭೂಷಣರಿಗೆ ಯಾರೂ ಕಾಫಿ ಕೇಳಲಿಲ್ಲ. ಅವರು ಹೊಸ್ತಿಲ ಹೊರಗೆ ಚಪ್ಪಲಿಯ ಪಕ್ಕ ನಿಂತು, ಆ ಕಟ್ಟು ಮುಗಿಯುವ ತನಕ ಕಾದರು.

ಇದೆಲ್ಲ ಆಗಿ ಈಗ ಎಂಟು ತಿಂಗಳು. ಹಳೆಯ ಮಾತ್ರೆ ಬಿಟ್ಟ ಮೇಲೆ ಉಮಾಳ ಮಂಕು ಸ್ವಲ್ಪ ಹರಿದಿದೆ. ಹರಿದದ್ದು ಸ್ವಲ್ಪವೇ. ಎರಡನೆಯ ಸಲ ರಕ್ತ ತೆಗೆದಾಗ ಆ ಪ್ರೋಟೀನು ಇನ್ನಷ್ಟು ಏರಿತ್ತು. ಮುಂದೆ ಹೆಸರುಗಳೂ ಹೋಗಬಹುದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ನಾಗಭೂಷಣರು ಅಂಗಡಿಯನ್ನು ಮಗನಿಗೆ ಬಿಟ್ಟು ಮಧ್ಯಾಹ್ನಕ್ಕೇ ಮನೆಗೆ ಬರುತ್ತಾರೆ. ಈಗ ಅವರು ಮನೆಯಲ್ಲಿ ಬಹಳ ಮಾತಾಡುತ್ತಾರೆ. ಪೇಟೆಯ ಸುದ್ದಿ, ಗಿರಾಕಿಗಳ ಸುದ್ದಿ, ಮೊಮ್ಮಗುವಿನ ಸುದ್ದಿ. ಉಮಾ ಕೇಳುತ್ತಾಳೆ. ಆಕೆಗೆ ಅದು ಬೇಕೋ ಬೇಡವೋ ಎಂದು ತಿಳಿಯುವ ದಾರಿ ಅವರಿಗಿಲ್ಲ. ಬೇಕಾಗಿದ್ದ ದಿನಗಳಲ್ಲಿ ಅವರು ಮಾತಾಡಿರಲಿಲ್ಲ.

ದಿನಾ ನಾಲ್ಕು ಗಂಟೆಗೆ ಹರಿಹರದಿಂದ ಹಂಪವ್ವನ ಫೋನ್ ಬರುತ್ತದೆ. ಕೃತಿಕಾ ಅದನ್ನು ಸ್ಪೀಕರಿಗೆ ಹಾಕಿ ಅತ್ತೆಯ ತೊಡೆಯ ಮೇಲಿಡುತ್ತಾಳೆ. ಹಂಪವ್ವ ಬೀದಿಯ ಜಗಳದಿಂದ ಹಿಡಿದು ಮಾಡಿದ ಸಾರಿನ ತನಕ ಅರ್ಧ ಗಂಟೆ ಹೇಳುತ್ತಾಳೆ. ಉಮಾ ಆಗೊಮ್ಮೆ ಈಗೊಮ್ಮೆ ಹ್ಞೂಂ ಅನ್ನುತ್ತಾಳೆ. ನಾಗಭೂಷಣರು ಪಕ್ಕದಲ್ಲೇ ಕೂತಿರುತ್ತಾರೆ. ಮಾತು ನಡುವೆ ನಿಂತಾಗ, "ಹಂಪವ್ವಾರೆ, ಆರಾಮದೀರಾ?" ಎಂದು ಕೇಳುತ್ತಾರೆ.

"ಹ್ಞೂಂ" ಎನ್ನುತ್ತಾಳೆ ಹಂಪವ್ವ. ಆಮೇಲೆ ಮತ್ತೆ ಉಮಾಳ ಜೊತೆ ಮಾತು ಮುಂದುವರಿಸುತ್ತಾಳೆ.